ಫೈಲಕ್ಕ

ಕುಲದೇವರಿಲ್ಲದ ಮನೆತನ ಸಿಕ್ಕೀತು, ಫೈಲಕ್ಕ ಇಲ್ಲದ ಮನೆತನ ಸಿಗುವುದು ಕಷ್ಟ. ಅಪ್ಪನೋ ಅವ್ವನೋ ಮೊದಲ ಸಲ ಆಸ್ಪತ್ರೆ ಸೇರಿದ ದಿನ ಆಕೆಗೆ ಪಟ್ಟಾಭಿಷೇಕ. ಆಮೇಲೆ ಅವಳ ನಿಜವಾದ ಹೆಸರು ಗಂಡನಿಗೂ ನೆನಪಿರುವುದಿಲ್ಲ.

ನಮ್ಮ ದಿಂಡಿಗಲ್ ಸೀಮೆಯ ನಿಲಕ್ಕೋಟ್ಟೈ ಫೈಲಕ್ಕನ ಕಂಕುಳಲ್ಲಿ ಜವಳಿ ಅಂಗಡಿಯ ಹಳದಿ ಚೀಲ, ಚೀಲದಲ್ಲಿ ಫೈಲು. ಫೈಲಿನಲ್ಲಿ ಅವ್ವನ ಆಧಾರ್, ರೇಷನ್ ಕಾರ್ಡು, ಅವುಗಳ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು. 2012ರಲ್ಲಿ ಜಯಲಲಿತಾ ಸರ್ಕಾರ ತಂದ ವಿಮೆಯ ಕಾರ್ಡಿನ ಜೊತೆ 2009ರಲ್ಲಿ ಹಿಂದಿನ ಸರ್ಕಾರ ತಂದಿದ್ದ ಕಲೈಞರ್ ವಿಮೆಯ ಕಾರ್ಡೂ ಬೆಚ್ಚಗಿದೆ. "ಹಳೇದು ಯಾಕಕ್ಕಾ?" ಅಂದರೆ, "ಹೋದ ಸರ್ಕಾರ ಬರಲ್ಲ ಅಂತ ಯಾರು ಹೇಳಿದ್ದು?" ಅನ್ನುತ್ತಾಳೆ.

ಅವ್ವ ಹಿತ್ತಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಾಗ ಹಜಾರದಲ್ಲಿ ಮಂತ್ರಾಲೋಚನೆ ನಡೆಯಿತು. ಮಾವ ದಿಂಡಿಗಲ್ಲಿನ ಹೊಸ ಮೆಡಿಕಲ್ ಕಾಲೇಜು ಅಂದ. ದೊಡ್ಡಪ್ಪ ಮದುರೆಯ ಎರ್ಸ್ಕಿನ್ ಆಸ್ಪತ್ರೆ ಅಂದ. ಅದಕ್ಕೆ ರಾಜಾಜಿಯವರ ಹೆಸರು ಬಂದದ್ದನ್ನು ಅವನು ಇನ್ನೂ ಒಪ್ಪಿಲ್ಲ. ಚಿಕ್ಕಪ್ಪ ಆಂಧ್ರದ ಪುತ್ತೂರು ಕಟ್ಟು ಹಾಕಿಸೋಣ ಅಂದ. ಬೆಂಗಳೂರಿನ ತಮ್ಮ ಫೋನಿನಲ್ಲೇ "ಏಮ್ಸ್" ಅಂದ.

"ಮದುರೆ ಪಕ್ಕದ ತೋಪ್ಪೂರಿನ ಏಮ್ಸಿಗೆ 2019ರಲ್ಲಿ ಅಡಿಗಲ್ಲು ಹಾಕಿದ್ರು. ಗಾರೆ ಒಣಗೋವರೆಗೂ ಅವ್ವ ಹಿತ್ತಲಲ್ಲೇ ಬಿದ್ದಿರ್ಲಾ?" ಎಂದವಳೇ ಫೈಲಕ್ಕ 108ಕ್ಕೆ ಫೋನ್ ಮಾಡಿದಳು. ವಯಸ್ಸಾದವರ ಸೊಂಟ ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು, ಮಲಗಿಸಿಟ್ಟಷ್ಟೂ ಬೆನ್ನಿಗೆ ಹುಣ್ಣು, ಎದೆಗೆ ಕಫ ಎಂಬುದು ಅವಳಿಗೆ ಗೊತ್ತಿತ್ತು. ಬೀದಿಯ ಅಷ್ಟೂ ಅಜ್ಜಿಯರ ಕಾಯಿಲೆ ಓದಿಕೊಂಡವಳು ಅವಳು.

ಮದುರೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿನ ನೆಮ್ಮದಿ ಮಾತ್ರ ಹೋಯಿತು. ಎರಡು ಗಂಟೆಗೊಮ್ಮೆ ಅವ್ವನ ಮಗ್ಗುಲು ಬದಲಿಸಿದ ಲೆಕ್ಕ ಕ್ಯಾಲೆಂಡರಿನ ಹಿಂಬದಿಗೆ ಏರಿತು. ಯಾವ ಮಾತ್ರೆ, ಯಾತಕ್ಕೆ, ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದು ದಿನವೂ ಪಾಠ ಒಪ್ಪಿಸಬೇಕಾಗಿ ಬಂದು, ಹಳದಿ ಚೀಲ ಕಂಡರೆ ನರ್ಸಮ್ಮಂದಿರಿಗೆ ಫ್ರಿಜ್ಜಿನೊಳಗೆ ಏನೋ ಹುಡುಕುವ ಕೆಲಸ ನೆನಪಾಗುತ್ತಿತ್ತು.

ಆಪರೇಷನ್ನಿನ ಮಾರನೇ ದಿನ ಎಳೆ ಡಾಕ್ಟರು ಬಂದು, "ಪಾಟ್ಟಿ, ಇನ್ನೈಕ್ಕು ಎನ್ನ ಕಿಳಮೈ?" ಎಂದು ವಾರ ಕೇಳಿದರು. ಈ ಸೀಮೆಯ ಒಕ್ಕಲಿಗರು, ಕಪ್ಪಿಲಿಯರ ಮನೆಗಳ ಹಾಗೆ ನಮ್ಮಲ್ಲೂ ಬೀದಿಗೆ ತಮಿಳು, ಒಲೆಯ ಮುಂದೆ ಕನ್ನಡ. ನೋವಿನಲ್ಲಿದ್ದ ಅವ್ವ ಒಲೆಯ ಮುಂದಿನದನ್ನೇ ತೆಗೆದಳು: "ಶುಕ್ರವಾರ ಕಣಪ್ಪ. ತಲೆಗೆ ಎಣ್ಣೆ ನೀರಿಲ್ದೆ ಹಿಂಗೆ ಮಲಗ್ಸಿದೀರಲ್ಲ, ನ್ಯಾಯವಾ?" ಡಾಕ್ಟರು ಅಯ್ಯೋ ಪಾಪವೆಂದು, ಅಜ್ಜಿ ಏನೇನೋ ಬಡಬಡಿಸುತ್ತಾರೆಂದು ಬರೆಯಲು ಹೊರಟರು. ಫೈಲಕ್ಕ ಪೆನ್ನಿಗೆ ಕೈ ಅಡ್ಡ ಹಿಡಿದಳು. "ಸಾರ್, ಉತ್ತರ ಸರಿಯಾಗಿದೆ. ಮಾರ್ಕ್ಸ್ ಹಾಕಿ."

ಎರಡು ದಿನ ಕಳೆದು ರಾತ್ರಿ ಅವ್ವ ಬರೀ ಗಾಳಿಯಲ್ಲಿ ಮಲ್ಲಿಗೆ ಕಟ್ಟತೊಡಗಿದಳು. ಮಾತು ಅಚ್ಚ ತಮಿಳಿನಲ್ಲೇ ಇತ್ತು: ಮೊಳಕ್ಕೆ ಎಷ್ಟು ಎಂದು ಪಕ್ಕದ ಮಂಚದವಳೊಡನೆ ಚೌಕಾಸಿ. "ವಯಸ್ಸಾದ ಮೇಲೆ ಹಿಂಗೇ ಅಲ್ವಾಮ್ಮಾ" ಎಂದು ಸಮಾಧಾನ ಹೇಳಿದವರ ಮುಂದೆ ಫೈಲಕ್ಕ ಕಂಬದಂತೆ ನಿಂತಳು. "ಹೋದ ವಾರ ಇವಳು ಬೀದಿಯ ಚೀಟಿ ಲೆಕ್ಕ ಬಾಯಲ್ಲೇ ಹೇಳ್ತಿದ್ಳು. ವಯಸ್ಸು ಒಂದೇ ರಾತ್ರೀಲಿ ಬರುತ್ತಾ?" ರಕ್ತ ನೋಡಿದರೆ ಸೋಡಿಯಂ ಇಳಿದಿತ್ತು. ಅದನ್ನು ಸರಿಮಾಡಿ, ಕನ್ನಡಕ ಹಾಕಿ, ಹಲ್ಲಿನ ಸೆಟ್ಟು ಕೊಟ್ಟು, ಕಿಟಕಿ ಪಕ್ಕ ಕೂರಿಸಿದ ಮೇಲೆ ಅವ್ವ ನಿಧಾನವಾಗಿ ಚೀಟಿ ಲೆಕ್ಕಕ್ಕೆ ಮರಳಿದಳು.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಕ್ತ ಪರೀಕ್ಷೆಯಲ್ಲಿ ಉಪ್ಪು ಕಾಣುತ್ತದೆ. ಹೋದ ವಾರದ ಅವ್ವ ಯಾವ ಮಿಷನ್ನಿನಲ್ಲೂ ಕಾಣುವುದಿಲ್ಲ. ಆ ಅವ್ವನನ್ನು ತಲೆಯಲ್ಲಿಟ್ಟುಕೊಂಡು ವಾರ್ಡು ತಿರುಗುವವಳ ಕಾಟವನ್ನು ಆಸ್ಪತ್ರೆಗಳು ಸಹಿಸಿಕೊಳ್ಳಲೇಬೇಕು.

ಆಗ ಬಂದಿಳಿದ, ಬೆಂಗಳೂರಿನ ತಮ್ಮ. ಅಂತರ್ಜಾಲ ಓದಿ ಬಂದಿದ್ದ. "ಫುಲ್ ಬಾಡಿ ಎಂಆರ್‌ಐ ಯಾಕೆ ಮಾಡ್ಸಿಲ್ಲ?" ಎಂದು ವಾರ್ಡಿಗೇ ಕೇಳುವಂತೆ ಗದರಿದ. ಫೈಲಕ್ಕ ಮಾತಾಡದೆ ಮೂತ್ರದ ಅಳತೆಯ ಜಗ್ಗನ್ನು ಅವನ ಕೈಗಿಟ್ಟಳು. ಸಂಜೆಯ ಹೊತ್ತಿಗೆ ಅವನಿಗೆ ಆಫೀಸಿನಿಂದ ತುರ್ತು ಕರೆ ಬಂತು.

ಮನೆಗೆ ಬಂದ ಮೇಲೆ ಅವಳ ಅಸಲಿ ರೂಪ. ಹಾರ್ಲಿಕ್ಸು, ಮೂಸಂಬಿ ಹಿಡಿದು ಬಂದ ನೆಂಟರು "ಪಾಪ, ಮಲಗ್ಲಿ ಬಿಡು" ಅಂದರೆ, "ಮಲಗೋಕೆ ಬಂದ್ರಾ, ನೋಡೋಕೆ ಬಂದ್ರಾ?" ಎಂದು ಅಟ್ಟುತ್ತಿದ್ದಳು. ಮಂಚಕ್ಕೆ ತಟ್ಟೆ ಕೊಡಬಾರದು, ಊಟಕ್ಕೆ ಅಡಿಗೆಮನೆಗೇ ಬರಬೇಕು. ಕಕ್ಕಸಿಗೆ ವಾಕರ್ ಹಿಡಿದೇ ಹೋಗಬೇಕು. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಶುರುಮಾಡಿ ಬಿ.ಪಿ., ಸಕ್ಕರೆ ಮಾತ್ರೆಯನ್ನೂ ಫಿಸಿಯೋಥೆರಪಿಯನ್ನೂ ಮನೆ ಬಾಗಿಲಿಗೆ ಕಳಿಸತೊಡಗಿತಲ್ಲ, ಆ ಪಟ್ಟಿಗೆ ಅವ್ವನ ಹೆಸರು ಸೇರುವವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಹಳದಿ ಚೀಲಕ್ಕೆ ಒಂದು ಸೀಟು ಕಾಯಂ.

ಫಿಸಿಯೋ ಹುಡುಗ ಬಂದ. ಅವ್ವನ ಕಾಲು ಮಡಿಸಿ, ಚಾಚಿ, ಬಾಗಿಲವರೆಗೆ ನಡೆಸಿದ. ಹೊರಡುವಾಗ ಅವ್ವ ಅವನ ಕೈ ಹಿಡಿದು, ಮಗಳತ್ತ ಕಣ್ಣು ಹೊರಳಿಸಿ, ದನಿ ತಗ್ಗಿಸಿ ಕೇಳಿದಳು: "ನನ್ನ ಕಾಲು ಸರಿಹೋಯ್ತಪ್ಪ. ಇವಳ ಕಾಲು ಒಂದು ಕಡೆ ನಿಲ್ಲೋಕೆ ಏನಾದ್ರೂ ಎಕ್ಸರ್ಸೈಸ್ ಇದ್ರೆ ಹೇಳ್ಕೊಟ್ಟು ಹೋಗು."