ಬಲೆಗೆ ಬಿದ್ದ ಮತದಾರ

(ಅಲಾಸ್ಕದ ಆಂಕರೇಜ್ ಪಟ್ಟಣ. 2018ರ ಅಕ್ಟೋಬರ್. ರಾಜ್ಯದ ತೈಲನಿಧಿ ನಿವಾಸಿಗಳಿಗೆ ವರ್ಷವರ್ಷ ಹಂಚುವ ಲಾಭಾಂಶ, ತಲೆಗೆ 1,600 ಡಾಲರ್, ಖಾತೆಗೆ ಬಿದ್ದಿದೆ. ಮೀನುಗಾರ ಹೊಸ ಟಿವಿ ಹೊತ್ತು ಬರುವಾಗ ಮೇಷ್ಟ್ರು ಎದುರಾಗುತ್ತಾರೆ.)

ಮೇಷ್ಟ್ರು: ನವೆಂಬರಿನಲ್ಲಿ ಮತ ಹಾಕ್ತೀಯೇನಪ್ಪ?

ಮೀನುಗಾರ: ಯಾಕೆ? ಯಾರು ಗೆದ್ರೂ 1982ರಿಂದ ದುಡ್ಡು ಬರ್ತಾನೇ ಇದೆ.

ಮೇಷ್ಟ್ರು: ಷರತ್ತಿಲ್ಲದ ಹಣ ಬಂದ್ರೆ ಬಿಡುವು, ಬಿಡುವಾದ್ರೆ ವಿಚಾರ, ವಿಚಾರ ಬಂದ್ರೆ ಮತಗಟ್ಟೆ ಅಂತಾರೆ ಪಂಡಿತರು.

ಮೀನುಗಾರ: ಬಿಡುವಾಗಿದೆ. ಅದಕ್ಕೇ ಟಿವಿ.

(ಮೇಷ್ಟ್ರು ಇಲ್ಲಿ ಮಾಡಿದ ಅರ್ಥಶಾಸ್ತ್ರದ ಭಾಷಣವನ್ನು ಓದುಗರ ಮೇಲಿನ ದಯೆಯಿಂದ ಕೈಬಿಟ್ಟಿದೆ.)

ಮೇಷ್ಟ್ರು: ಪಟ್ಟಿಯಲ್ಲಿ ಹೆಸರಾದ್ರೂ ಇದೆಯೋ?

ಮೀನುಗಾರ: ಅದೇ ಮೋಸ! 2016ರಲ್ಲಿ ಜನರೇ ಒಪ್ಪಿದ ಕಾನೂನು ನೋಡಿ: ಲಾಭಾಂಶಕ್ಕೆ ಅರ್ಜಿ ಹಾಕಿದ್ರೆ ಮತದಾರರ ಪಟ್ಟಿಗೆ ಹೆಸರು ತಾನಾಗೇ ಸೇರುತ್ತೆ. ಬಲೆ ಬೀಸಿದ್ದು ದುಡ್ಡಿಗೆ, ಸಿಕ್ಕಿದ್ದು ಪ್ರಜಾಪ್ರಭುತ್ವ.

ಮೇಷ್ಟ್ರು: 1999ರ ಸೆಪ್ಟೆಂಬರಿನಲ್ಲಿ ಮತ ಹಾಕೋಕೆ ಓಡೋಡಿ ಹೋಗಿದ್ದೆಯಲ್ಲ? ಕಣದಲ್ಲಿ ಅಭ್ಯರ್ಥಿಯೇ ಇರಲಿಲ್ಲ!

ಮೀನುಗಾರ: ನಮ್ಮ ನಿಧಿಯ ಆದಾಯಕ್ಕೆ ಸರ್ಕಾರ ಕೈ ಹಾಕಲೇ ಅಂತ ಕೇಳಿದ್ರೆ ಸುಮ್ಮನಿರಬೇಕೆ? ನೂರಕ್ಕೆ 83 ಮಂದಿ ಕೂಡದು ಅಂದ್ವಿ.

ಮೇಷ್ಟ್ರು: ಕೊಟ್ರೆ ನಿದ್ದೆ, ಕಿತ್ತುಕೊಂಡ್ರೆ ಎಚ್ಚರ! 2016ರಲ್ಲಿ ಗವರ್ನರ್ ವಾಕರ್ ಲಾಭಾಂಶವನ್ನು 1,022 ಡಾಲರಿಗೆ ಇಳಿಸಿದ್ರಲ್ಲ?

ಮೀನುಗಾರ: ನೆನಪಿಸಿದ್ರಿ ನೋಡಿ! ಈ ಸಲ ಗವರ್ನರ್ ಸ್ಥಾನಕ್ಕೆ ನಿಂತಿರೋ ಡನ್‌ಲೀವಿ ಆ ಕಡಿತದ ದುಡ್ಡನ್ನೂ ವಾಪಸ್ ಕೊಡಿಸ್ತಾರಂತೆ. ಹಾಕ್ತೀನಿ, ಖಂಡಿತ ಹಾಕ್ತೀನಿ! ಅಂದ ಹಾಗೆ, ನಿಮ್ಮ ಲಾಭಾಂಶ ಏನಾಯ್ತು?

ಮೇಷ್ಟ್ರು: ಹವಾಯಿಗೆ ವಿಮಾನದ ಟಿಕೆಟ್. ನವೆಂಬರ್ ಮೊದಲ ವಾರ.