ಇದೆ, ಆದರೆ ಸಿಗುವುದಿಲ್ಲ

ಕೇಳಿದ ಫೈಲ್ ಸಿಗದಿದ್ದರೆ ‘ಸಿಗಲಿಲ್ಲ’ ಅನ್ನುವುದು ಮರ್ಯಾದೆ. ಪೈಥಾನ್‌ನಲ್ಲಿ ವಿಡಿಯೋ ಓದಲು ಬಳಸುವ ಓಪನ್‌ಸಿವಿ ಲೈಬ್ರರಿಗೆ ಈ ಮರ್ಯಾದೆ ಯಾರೂ ಕಲಿಸಿದಂತಿಲ್ಲ. ಅದರ ವಿಡಿಯೋಕ್ಯಾಪ್ಚರ್‌ಗೆ ಎಲ್ಲೂ ಇಲ್ಲದ ಫೈಲಿನ ಹೆಸರು ಕೊಟ್ಟು ನೋಡಿ. ಹೆಚ್ಚೆಂದರೆ ಒಂದು ಎಚ್ಚರಿಕೆ ಗೊಣಗಿ ಮುಂದಿನ ಸಾಲಿಗೆ ಹೋಗುತ್ತದೆ. ಫ್ರೇಮ್ ಕೇಳಿದರೆ ‘ಫಾಲ್ಸ್’ ಎನ್ನುತ್ತದೆ, ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿದೆ? ಕೊನೆಗೆ ಸ್ಕ್ರಿಪ್ಟು ಬಣ್ಣ ಬದಲಾಯಿಸುವ ಸಾಲಿನಲ್ಲಿ ಮುಗ್ಗರಿಸಿ ಬೀಳುತ್ತದೆ. ಬೈಗುಳವೆಲ್ಲ ಆ ಬಡಪಾಯಿ ಸಾಲಿಗೆ.

“ಮಾಮಾ, ಸಿವಿಟಿಕಲರ್ ಕೆಟ್ಟೋಗಿದೆ” ಅಂತ ಅಕ್ಕನ ಮಗ ಫೋನ್ ಮಾಡಿದ್ದು ಇದಕ್ಕೇ. ರಸ್ತೆಯ ವಿಡಿಯೋ ನೋಡಿ ವಾಹನ ಎಣಿಸುವುದು ಅವನ ಕೊನೇ ವರ್ಷದ ಪ್ರಾಜೆಕ್ಟು. ಲೈಬ್ರರಿ ಅಳಿಸಿ ಮತ್ತೆ ಹಾಕಿದ್ದಾಗಿತ್ತು, ಕೋಡೆಕ್ ಮೇಲೆ ಗುಮಾನಿಪಟ್ಟದ್ದಾಗಿತ್ತು. ಹೊಸ ಲ್ಯಾಪ್‌ಟಾಪ್ ಬೇಕೆನ್ನುವಲ್ಲಿಗೆ ಮಾತು ಬಂದು, ಅಕ್ಕನೂ ಅರ್ಧ ಒಪ್ಪಿದ್ದಳು.

“ಫೈಲ್ ಎಲ್ಲಿದೆಯೋ?”

“ಇಲ್ಲೇ ಇದೆ ಮಾಮಾ. ಡಬಲ್ ಕ್ಲಿಕ್ ಮಾಡಿದ್ರೆ ಓಡುತ್ತೆ!”

ಡಿ ಡ್ರೈವಿನ ‘ನ್ಯೂ’ ಫೋಲ್ಡರಿನಲ್ಲಿ ‘ಟ್ರಾಫಿಕ್’. ಆ ಪಾತ್ ಅನ್ನು ಸುಮ್ಮನೆ ಪ್ರಿಂಟ್ ಮಾಡು ಎಂದೆ. ಮೊದಲ ಸಾಲಿನಲ್ಲಿ ಡಿ ಮತ್ತು ಎರಡು ಚುಕ್ಕೆ. ಎರಡನೆಯದರಲ್ಲಿ ಎನ್ ಕಳೆದುಕೊಂಡ ‘ನ್ಯೂ’, ಒಂದಿಷ್ಟು ಖಾಲಿ ಜಾಗ, ಆಮೇಲೆ ಟಿ ಇಲ್ಲದ ‘ರಾಫಿಕ್’. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತಪ್ಪು ಅವನದಲ್ಲ, ಹಳೇ ಕಾಲದ್ದು. 1983ರಲ್ಲಿ ಎಂಎಸ್-ಡಾಸ್ 2.0ಕ್ಕೆ ಫೋಲ್ಡರುಗಳು ಬಂದಾಗ ಮುಂದಕ್ಕೆ ವಾಲಿದ ಗೆರೆ ಆಗಲೇ ಬೇರೆ ಕೆಲಸದಲ್ಲಿತ್ತು, ಆಜ್ಞೆಗಳ ಬಾಲಕ್ಕೆ ಆಯ್ಕೆಗಳನ್ನು ಅಂಟಿಸುತ್ತಿತ್ತು. ಹಾಗಾಗಿ ಪಾತ್‌ಗೆ ಸಿಕ್ಕಿದ್ದು ಹಿಂದಕ್ಕೆ ವಾಲಿದ್ದು. ಅದೋ, ಸಿ ಭಾಷೆಯವರ ಮನೆಯಲ್ಲಿ ಮೊದಲೇ ದುಡಿಯುತ್ತಿತ್ತು: ಮುಂದೆ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ಪೈಥಾನ್ ಆ ಸಂಪ್ರದಾಯ ಬಿಟ್ಟಿಲ್ಲ. ಫೋಲ್ಡರಿಗೆ ‘ಓಲ್ಡ್’, ವಿಡಿಯೋಗೆ ‘ಲಾರಿ’ ಅಂತ ಹೆಸರಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ನಡೆದು, ಮಾಮನ ನೆನಪೇ ಆಗುತ್ತಿರಲಿಲ್ಲ. ಗೆರೆಯನ್ನು ಬರೀ ಗೆರೆಯೆಂದೇ ಓದಲಿ ಅಂತ ಉದ್ಧರಣ ಚಿಹ್ನೆಯ ಹಿಂದೆ ಒಂದು ಆರ್ ಬರೆಯಿಸಿದೆ. ಮುಂದಕ್ಕೆ ವಾಲಿದ ಗೆರೆ ಹಾಕಿದರೂ ವಿಂಡೋಸ್ ಬೇಡ ಅನ್ನುವುದಿಲ್ಲ.

ಮಾರನೇ ದಿನ ಮತ್ತೆ ಫೋನು. ಈಗ ಉದ್ದನೆಯ ಪಾತ್ ಬೇಡವೆಂದು ಬರೀ ‘ವಿಡಿಯೋಸ್’ ಫೋಲ್ಡರಿನಿಂದ ಶುರುಮಾಡಿದ್ದಾನೆ. ಮಾರಮ್ಮನ ಗುಡಿ ದಾಟಿ ಎಡಕ್ಕೆ ತಿರುಗಿ ಅನ್ನುತ್ತಾರಲ್ಲ, ನೀವು ಯಾವ ಕಡೆಯಿಂದ ಬರುತ್ತಿದ್ದೀರಿ ಅಂತ ಕೇಳದೆ, ಹಾಗೆ. ಸ್ಕ್ರಿಪ್ಟು ಇರುವ ಜಾಗ ಬೇರೆ, ಅದನ್ನು ಓಡಿಸುವಾಗ ನಾವು ನಿಂತಿರುವ ಜಾಗ ಬೇರೆ. ಪೈಥಾನ್ ನಿಂತ ಜಾಗದಿಂದಲೇ ಹುಡುಕುತ್ತದೆ. ಗೆಟ್‌ಸಿಡಬ್ಲ್ಯುಡಿ ಎಂದು ಕೇಳಿದರೆ ಎಲ್ಲಿ ನಿಂತಿದ್ದೇವೆಂದು ಹೇಳುತ್ತದೆ. ಕೇಳದೆ ಹೇಳುವ ಜಾಯಮಾನ ಅದರದಲ್ಲ.

ಫೈಲಿನ ಬಾಲವನ್ನು ವಿಂಡೋಸ್ ಮುಚ್ಚಿಡುವುದರಿಂದ, ಅವನು ಹೆಸರು ಬದಲಿಸುವಾಗ ಇನ್ನೊಂದು ಎಂಪಿ4 ಸೇರಿಸಿ ಎರಡು ಬಾಲ ಮಾಡಿದ್ದ ಕಥೆಯೂ ಇದೆ. ಗೆಳೆಯನ ಲಿನಕ್ಸಿನಲ್ಲಿ ದೊಡ್ಡಕ್ಷರದ ಎಂಪಿ4 ಮತ್ತು ಸಣ್ಣಕ್ಷರದ ಎಂಪಿ4 ಪರಸ್ಪರ ಗುರುತೇ ಇಲ್ಲದವರು.

ಅಂತೂ ವಿಡಿಯೋ ಓಡಿತು. ರಾತ್ರಿ ಮತ್ತೆ ಕರೆ. ರಸ್ತೆ ಮಧ್ಯೆ ಮಲಗಿದ್ದ ಹಸುವನ್ನು ಸ್ಕ್ರಿಪ್ಟು ಕಾರೆಂದು ಎಣಿಸಿದೆಯಂತೆ.

“ಅದೂ ಪಾತ್ ಸಮಸ್ಯೆನಾ ಮಾಮಾ?”

“ಹಸುವಿನ ಪಾತ್‌ನಲ್ಲಿ ಏನೂ ತಪ್ಪಿಲ್ಲಪ್ಪ” ಅಂದು ಫೋನ್ ಇಟ್ಟೆ.