ಹಾಕಿದ ಗೆರೆ ದಾಟದ ಶಾಸ್ತ್ರಿಗಳು

ಗೆಳೆಯರ ಬಳಗದಲ್ಲಿ ಅವರಿಗೆ ‘ಸ್ಕ್ಯಾನ್‌ಲೈನ್ ಶಾಸ್ತ್ರಿ’ ಎಂದೇ ಹೆಸರು. ವಯಸ್ಸು ನಲವತ್ತರ ಹೊಸ್ತಿಲು, ವೃತ್ತಿ ಸಾಫ್ಟ್‌ವೇರ್, ವ್ಯಸನ ಹಳೇ ವಿಡಿಯೋ ಗೇಮ್. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿಗೊಬ್ಬರಂತೆ ಇಂಥವರು ಸಿಗುತ್ತಾರೆ. ಬೋನಸ್ಸೆಲ್ಲ ಸುರಿದು 55 ಇಂಚಿನ 4ಕೆ ಟಿವಿ ತರುತ್ತಾರೆ. ಬಂದ ರಾತ್ರಿಯೇ ಕೂತು, ಅದು 1995ರ ಡಬ್ಬಾ ಟಿವಿಯಂತೆ ಕಾಣುವ ತನಕ ಕೆಡಿಸುತ್ತಾರೆ.

“ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?” ಎಂದು ಹೆಂಡತಿ ಕೇಳಿದರೆ ಲೆಕ್ಕ ಸಿದ್ಧ. ಹಳೇ ನಿಂಟೆಂಡೊ ಗೇಮಿನ ಚಿತ್ರದಲ್ಲಿ 240 ಗೆರೆ, 4ಕೆ ಪರದೆಯಲ್ಲಿ 2160 ಸಾಲು. ಗೆರೆಗೆ ಒಂಬತ್ತು ಸಾಲು, ಶೇಷ ಸೊನ್ನೆ. ಮೊದಲಿನ 1080ರ ಟಿವಿಯಲ್ಲಾದರೆ ಗೆರೆಗೆ ನಾಲ್ಕೂವರೆ ಸಾಲು. ಒಂದು ಗೆರೆ ದಪ್ಪ, ಇನ್ನೊಂದು ಸಣ್ಣ. “ಆ ಅರ್ಧ ಸಾಲನ್ನ ನಾನು ಎಲ್ಲಿಂದ ತರ್ಲಿ?” ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಹಳೇ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಚಿತ್ರ ಬಿಡಿಸುವಾಗ ನಡುನಡುವೆ ಉಳಿಯುತ್ತಿದ್ದ ಕತ್ತಲೆಯೇ ಅವರ ಆರಾಧ್ಯ ಗೆರೆ. ಹೆಂಡತಿ ಹಾಕಿದ ಗೆರೆ ದಾಟಿದರೂ ದಾಟಿಯಾರು, ಟಿವಿಯ ಮೇಲೆ ತಾವು ಹಾಕಿದ್ದನ್ನು ದಾಟುವವರಲ್ಲ.

ಶಾಸ್ತ್ರಿಗಳ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆ ಕಾಲದ ಕಲಾವಿದರು ಚುಕ್ಕೆ ಜೋಡಿಸಿದ್ದೇ ಪಿಕ್ಚರ್ ಟ್ಯೂಬಿನ ಟಿವಿಯನ್ನು ಮನಸ್ಸಿನಲ್ಲಿಟ್ಟುಕೊಂಡು. 1991ರ ‘ಸೋನಿಕ್ ದಿ ಹೆಡ್ಜ್‌ಹಾಗ್’ನ ಮೊದಲ ಹಂತದಲ್ಲೊಂದು ಜಲಪಾತವಿದೆ: ಒಂದು ಪಟ್ಟಿ ನೀರು, ಒಂದು ಪಟ್ಟಿ ಖಾಲಿ. ಇಂದಿನ ಪರದೆಯಲ್ಲಿ ಅದು ಕಿಟಕಿಯ ಸರಳು. ಹಳದಿ ಪಿನ್ನಿನ ವಿಡಿಯೋ ವೈರು ಅಕ್ಕಪಕ್ಕದ ಬಣ್ಣ ಕಲಸಿಬಿಡುತ್ತಿದ್ದುದರಿಂದ ಅಂದು ಸರಳುಗಳು ಕರಗಿ, ಹಿಂದಿನದೆಲ್ಲ ಕಾಣುವಂಥ ತೆಳು ನೀರಾಗುತ್ತಿತ್ತು. 1997ರ ‘ಕ್ಯಾಸಲ್‌ವೇನಿಯ: ಸಿಂಫನಿ ಆಫ್ ದಿ ನೈಟ್’ನಲ್ಲಿ ಡ್ರಾಕುಲನ ಮುಖಚಿತ್ರ ಬರುತ್ತದೆ, ಕಣ್ಣೆಂದರೆ ಕೆಂಪು ಚುಕ್ಕೆ, ಅಷ್ಟೇ. ಈಗ ನೋಡಿದರೆ ಕುಂಕುಮ ಸಿಡಿದಂತಿದೆ. ಹಳೇ ಟ್ಯೂಬಿನಲ್ಲಿ ಅದೇ ಚುಕ್ಕೆ ಸುತ್ತ ಹರಡಿ, ಕೆಂಡವಾಗಿ ದುರುಗುಟ್ಟುತ್ತದೆ. ಇಷ್ಟು ತೋರಿಸಿ ಅವರು ಸುಮ್ಮನಾದರೆ ಬಂದವರೆಲ್ಲ ಒಪ್ಪಿ, ಕಾಫಿ ಕುಡಿದು ಎದ್ದು ಹೋಗಬಹುದು.

ಸುಮ್ಮನಾಗುವುದಿಲ್ಲ.

ಹಳೇ ಗೇಮ್ ಆಡಿಸುವ ‘ರೆಟ್ರೊಆರ್ಚ್’ ತಂತ್ರಾಂಶದಲ್ಲಿ, ಚಿತ್ರದ ರೂಪ ಬದಲಿಸುವ ಫಿಲ್ಟರುಗಳ ಪಟ್ಟಿ ತೆರೆದರೆಂದರೆ ಅದು ಮತತ್ರಯಗಳ ಚರ್ಚೆ. ಚೌಕಗಳ ಮೂಲೆ ಉಜ್ಜಿ ನುಣುಪು ಮಾಡುವ ‘ಎಚ್‌ಕ್ಯೂಎಕ್ಸ್’ ಪಂಥದವರು ಮಾರಿಯೋನ ಮೀಸೆಗೆ ಬೆಣ್ಣೆ ಮೆತ್ತಿದ ಭ್ರಷ್ಟರು. ಫಿಲ್ಟರೇ ಬೇಡ, ಚೌಕ ಚೌಕವಾಗಿಯೇ ಇರಲಿ ಎನ್ನುವವರು ಒಗ್ಗರಣೆ ಹಾಕದೆ ಸಾರು ಬಡಿಸುವ ನಿರ್ದಯಿಗಳು. ನಿಂಟೆಂಡೊ ಮಾತ್ರ ಜಾಣ. 2016ರಲ್ಲಿ ‘ಎನ್‌ಇಎಸ್ ಕ್ಲಾಸಿಕ್’ ಎಂಬ ಗೇಮ್ ಯಂತ್ರ ತಂದಾಗ ಅಚ್ಚುಕಟ್ಟಾದ ಚೌಕವನ್ನೂ ಟ್ಯೂಬ್ ಟಿವಿಯ ಫಿಲ್ಟರನ್ನೂ ಒಟ್ಟಿಗೇ ಕೊಟ್ಟು ಜಗಳದಿಂದ ಪಾರಾಯಿತು. ಶಾಸ್ತ್ರಿಗಳ ಇಷ್ಟದೈವ ಟ್ಯೂಬ್ ಟಿವಿಯನ್ನು ಅನುಕರಿಸುವ ‘ಸಿಆರ್‌ಟಿ-ರಾಯಲ್’ ಫಿಲ್ಟರು. ಸೋನಿಯ ಟ್ರಿನಿಟ್ರಾನ್ ಟ್ಯೂಬಿನೊಳಗೆ ಲಂಬವಾದ ಸಣ್ಣ ಪಟ್ಟಿಗಳ ಜಾಲರಿ ಇರುತ್ತಿತ್ತು. ಅದು ಅದುರದಿರಲೆಂದು ಅಡ್ಡಲಾಗಿ ಬಿಗಿದ ಕೂದಲೆಳೆಯಂಥ ತಂತಿಯ ನೆರಳು ಪರದೆಯ ಮೇಲೆ ಮಸುಕಾಗಿ ಬೀಳುತ್ತಿತ್ತು. ಆ ನೆರಳೂ ಬೇಕೆಂದು ಶಾಸ್ತ್ರಿಗಳು ಎರಡು ರಾತ್ರಿ ನಿದ್ದೆಗೆಟ್ಟಿದ್ದಾರೆ.

“ಎಲ್ಲಾ ಬಾಲ್ಯದ ನೆನಪಿಗೋಸ್ಕರ ಕಣಯ್ಯಾ” ಎನ್ನುತ್ತಾರೆ. ಯಾರ ಬಾಲ್ಯ? ತುಮಕೂರಿನ ಅವರ ಮನೆಯಲ್ಲಿದ್ದದ್ದು ಕಂತಿನಲ್ಲಿ ಕೊಂಡ ಬಣ್ಣದ ಟಿವಿ. ಆಡಿದ್ದು ನಿಂಟೆಂಡೊ ಅಲ್ಲ, ಅದರ ನಕಲು. ‘ಕ್ಯಾಸೆಟ್’ಗೆ ಉಫ್ ಎಂದು ಊದಿ, ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಟ್ಯೂನ್ ಮಾಡಿ ಆಡುವಾಗ ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ‘ಕಾಂಟ್ರಾ’ ಗೇಮಿನ ಕಾಡಿಗೆಲ್ಲ ಜಡಿಮಳೆ. ಈಗಿನ ಫಿಲ್ಟರು ಅನುಕರಿಸುವುದೋ, ಟಿವಿ ಸ್ಟುಡಿಯೋಗಳಲ್ಲಿ ಇರುತ್ತಿದ್ದ ಸೋನಿ ಪಿವಿಎಂ ಮಾನಿಟರನ್ನು. ತುಮಕೂರಿನ ಯಾವ ಹಜಾರವೂ ಕಾಣದ ಪರದೆಯನ್ನು ನೆನೆದು ಅವರ ಗಂಟಲು ಕಟ್ಟುತ್ತದೆ.

ಆಡುವುದು ಯಾವಾಗ ಎಂದು ಕೇಳಬಾರದು. 30 ಲೈಫಿನ ಕೋಡ್ ಒತ್ತಿ ಶುರು ಮಾಡಿದರೂ ‘ಕಾಂಟ್ರಾ’ದ ಮೊದಲ ಸೇತುವೆ ಸಿಡಿಯುವಷ್ಟರಲ್ಲಿ ಆಟ ನಿಲ್ಲಿಸಿ, ಹೊಳಪು ಒಂದಿಷ್ಟು ಇಳಿಸಿ, ಮತ್ತೆ ಮೊದಲಿನಿಂದ. ತಂಗಿಯ ಮಗ ಫಿಲ್ಟರಿನ ಗೊಡವೆಯಿಲ್ಲದೆ ಮೊಬೈಲಿನಲ್ಲಿ ಮೂರನೇ ಹಂತದ ಜಲಪಾತ ಹತ್ತಿ ಆಗಿದೆ.

ಮೊನ್ನೆ ಊರಿನಿಂದ ಬಂದ ಅಮ್ಮ ಕಾಫಿ ಲೋಟ ಹಿಡಿದು ಹಾಲಿಗೆ ಬಂದವರು ಟಿವಿ ನೋಡಿ ನಿಂತುಬಿಟ್ಟರು. “ಇದ್ಯಾಕೋ ಮರಿ, ಗೆರೆ ಗೆರೆ ಬರ್ತಾ ಇದೆ? ಯಾರಾದ್ರೂ ಮೇಲೆ ಹತ್ತಿ ಆಂಟೆನಾ ತಿರುಗಿಸ್ರೋ!”

ಶಾಸ್ತ್ರಿಗಳ ಕಣ್ಣು ತುಂಬಿ ಬಂತು. ಕೂತಲ್ಲೇ ಆ ಸೆಟ್ಟಿಂಗನ್ನು ‘ಅಮ್ಮ-ಫೈನಲ್-3’ ಎಂದು ಸೇವ್ ಮಾಡಿ ತಲೆಯೆತ್ತಿದರೆ, ಅಮ್ಮ ಲೋಟ ಕೆಳಗಿಟ್ಟು, ಹಳೇ ಅಭ್ಯಾಸದಂತೆ ಟಿವಿಯ ನೆತ್ತಿಗೆ ಎರಡು ಗುದ್ದಲು ಕೈ ಎತ್ತಿದ್ದರು. ಶಾಸ್ತ್ರಿಗಳು ಸೋಫಾ ಹಾರಿ ಬಂದು ಅಡ್ಡ ನಿಂತರು.